ಹ್ಯಾಂಗ್ ಆಗುವ ಕಂಪ್ಯೂಟರ್: ಮೊದಲು ನಕಲು, ಆಮೇಲೆ ರಿಪೇರಿ

ಮನೆಯ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಪರದೆ ಇದ್ದಲ್ಲೇ ನಿಂತುಬಿಡುತ್ತದೆ. ಮೌಸ್‌ನ ಬಾಣವೇನೋ ಅಲುಗಾಡುತ್ತದೆ, ಆದರೆ ಎಲ್ಲಿ ಒತ್ತಿದರೂ ಉತ್ತರವಿಲ್ಲ. ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದ ಮೇಲೆ ಏನೂ ಆಗದಂತೆ ಮತ್ತೆ ಓಡತೊಡಗುತ್ತದೆ. "ಹಳೆಯದಾಯಿತಲ್ಲ, ಸ್ವಲ್ಪ ಹ್ಯಾಂಗ್ ಆಗುತ್ತೆ" ಎಂದು ಮನೆಯವರೆಲ್ಲ ಸುಮ್ಮನಾಗುತ್ತಾರೆ.

ಸಹೋದರಿಯರೇ, ಎಚ್ಚರ ಬೇಕಾಗಿರುವುದು ಇಲ್ಲಿಯೇ. ಪೂರ್ತಿ ಕೆಟ್ಟುಹೋದ ಯಂತ್ರದ ಕಡೆಗೆ ಎಲ್ಲರ ಗಮನವೂ ಹೋಗುತ್ತದೆ. ಆಗಾಗ ನಿಂತು ಮತ್ತೆ ನಡೆಯುವ ಯಂತ್ರವನ್ನು ಯಾರೂ ಕೇಳುವುದಿಲ್ಲ. ಹೀಗೆ ತಡವರಿಸುವುದು ಅನೇಕ ಸಲ ಒಳಗಿನ ಹಾರ್ಡ್ ಡಿಸ್ಕ್ ಕೊಡುತ್ತಿರುವ ಮುನ್ಸೂಚನೆ. ಆ ಸೂಚನೆ ಸಿಕ್ಕ ದಿನ ನೀವು ಮೊದಲು ಯಾವ ಕೆಲಸ ಮಾಡುತ್ತೀರಿ ಎಂಬುದರ ಮೇಲೆ ಮನೆಯ ಎಷ್ಟೋ ನೆನಪುಗಳು ಉಳಿಯುತ್ತವೆ ಅಥವಾ ಅಳಿಯುತ್ತವೆ.

ಉದಾಹರಣೆಗೆ, ಚನ್ನಪಟ್ಟಣ ದಾಟಿ ಮೈಸೂರು ಕಡೆಗೆ ಹೊರಟರೆ ಸಿಗುವ ದೊಡ್ಡಮಳೂರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ಯಜಮಾನರು ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರು. ಹೆಂಡತಿ ಮನೆಯಲ್ಲೇ ಬೊಂಬೆಗಳಿಗೆ ಬಣ್ಣದ ಕೆಲಸ ಮಾಡಿ, ಆರ್ಡರಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಮಗಳ ಅಂಕಪಟ್ಟಿ, ನಿಕಾಹ್‌ನಾಮದ ಸ್ಕ್ಯಾನ್, ಅಜ್ಜ ಹಜ್‌ಗೆ ಹೊರಟ ದಿನದ ಫೋಟೋ, ತೀರಿಹೋದ ದಾದಿಯ ಧ್ವನಿ ಎಲ್ಲವೂ ಇವೆ. ಕಂಪ್ಯೂಟರ್ ಹೋದರೆ ಇನ್ನೊಂದನ್ನು ತರಬಹುದು. ದಾದಿಯ ಧ್ವನಿ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಒಳಗೆ ನಡೆಯುವುದೇನು?

ಹಳೆಯ ಮಾದರಿಯ ಹಾರ್ಡ್ ಡಿಸ್ಕ್‌ನೊಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳಿರುತ್ತವೆ. ಬೊಂಬೆ ಮಾಡುವ ಲೇತ್‌ನಲ್ಲಿ ಆಲೆ ಮರದ ತುಂಡು ತಿರುಗುವ ಹಾಗೆ ಇವು ಸದಾ ತಿರುಗುತ್ತವೆ. ಮೇಜಿನ ಕಂಪ್ಯೂಟರ್‌ಗಳಲ್ಲಿ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು. ಲೇತ್‌ನಲ್ಲಿ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿ ಹಿಡಿಯುತ್ತಾರೆ. ಇಲ್ಲಿ ಹಾಗಲ್ಲ. ಓದುವ ಮುಳ್ಳು ಬಿಲ್ಲೆಯನ್ನು ಮುಟ್ಟಲೇಬಾರದು. ತಲೆಗೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ ಅದು ಗಾಳಿಯ ಮೇಲೆ ತೇಲುತ್ತಾ ಓದುತ್ತದೆ, ಬರೆಯುತ್ತದೆ.

ಬಿಲ್ಲೆಯ ಮೇಲೆ ಒಂದು ಚುಕ್ಕೆಯಷ್ಟು ಜಾಗ ಕೆಟ್ಟಿತೆನ್ನಿ. ಆಗ ಏನಾಗುತ್ತದೆ? ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಕೆಲಸ ಮಾಡಿದ ಸಹೋದರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಎಳೆ ತುಂಡಾದರೆ ಬಿಸಿನೀರಿನಲ್ಲಿ ತೇಲುವ ಗೂಡಿನ ತುದಿಯನ್ನು ಮತ್ತೆ ಹುಡುಕಿ ಜೋಡಿಸಬೇಕು. ಅಲ್ಲಿಯವರೆಗೆ ಆ ನೂಲು ಮುಂದೆ ಹೋಗುವುದಿಲ್ಲ. ಹಾರ್ಡ್ ಡಿಸ್ಕ್ ಕೂಡಾ ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಅದರ ಉತ್ತರಕ್ಕಾಗಿ ವಿಂಡೋಸ್ ಕಾಯುತ್ತದೆ, ವಿಂಡೋಸ್‌ಗಾಗಿ ನೀವು ಕಾಯುತ್ತೀರಿ. ಕೊನೆಗೂ ಓದಲು ಸಾಧ್ಯವಾದರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ. ಕೆಲವೊಮ್ಮೆ ಮಾತ್ರ ಹ್ಯಾಂಗ್ ಆಗುವುದರ ಗುಟ್ಟು ಇದು: ಕೆಟ್ಟ ಜಾಗದಲ್ಲಿರುವ ಕಡತವನ್ನು ಮುಟ್ಟಿದಾಗ ಮಾತ್ರ ಯಂತ್ರ ನಿಲ್ಲುತ್ತದೆ.

ಸಿಪಿಯು ಪೆಟ್ಟಿಗೆಯ ಮುಂಭಾಗದಲ್ಲಿರುವ ಡಿಸ್ಕ್‌ನ ಪುಟ್ಟ ದೀಪವನ್ನು ಗಮನಿಸಿ. ಪರದೆ ನಿಂತಾಗ ಆ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರೆ ಡಿಸ್ಕ್ ಮೇಲೆ ಸಂಶಯ ಪಡಬೇಕು. ಬಾಣವೂ ಅಲುಗದೆ, ದೀಪವೂ ಉರಿಯದೆ ನಿಂತರೆ ಮೆಮೊರಿ, ಬಿಸಿ ಅಥವಾ ಬೇರೆ ಭಾಗದ ದೋಷವಿರಬಹುದು.

ಮೊದಲ ಕೆಲಸ ನಕಲು

ಸಂಶಯ ಬಂದ ಕೂಡಲೇ ಎಲ್ಲರೂ ಮಾಡಹೊರಡುವುದು ರಿಪೇರಿ. ಡಿಫ್ರಾಗ್ ಮಾಡುತ್ತಾರೆ, ಡಿಸ್ಕ್ ಪೂರ್ತಿ ಪರೀಕ್ಷೆಗೆ ಹಚ್ಚುತ್ತಾರೆ, ವಿಂಡೋಸ್ ಹೊಸದಾಗಿ ಹಾಕುತ್ತಾರೆ. ಇವೆಲ್ಲವೂ ಸುಸ್ತಾದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುವ ಕೆಲಸಗಳು. ಕಾಯಿಲೆ ಬಿದ್ದವರನ್ನು ಬೆಟ್ಟ ಹತ್ತಿಸಿ ಆರೋಗ್ಯ ಪರೀಕ್ಷೆ ಮಾಡುವುದುಂಟೇ? ಡಿಸ್ಕ್‌ಗೆ ಉಳಿದಿರುವ ಆಯುಷ್ಯವನ್ನು ಮೊದಲು ನಕಲು ಮಾಡಲು ಬಳಸಿಕೊಳ್ಳಿ.

* ಹೊರಗಿನಿಂದ ಜೋಡಿಸುವ ಡಿಸ್ಕ್ ಅಥವಾ ಪೆನ್‌ಡ್ರೈವ್ ತನ್ನಿ. ಅದೇ ಕಂಪ್ಯೂಟರಿನ 'ಡಿ' ಡ್ರೈವ್‌ಗೆ ಹಾಕಿದರೆ ಅದು ನಕಲಲ್ಲ. ಸಾಮಾನ್ಯವಾಗಿ 'ಸಿ' ಮತ್ತು 'ಡಿ' ಒಂದೇ ಡಿಸ್ಕ್‌ನ ಎರಡು ಕೋಣೆಗಳು. ಮನೆ ಬಿದ್ದರೆ ಎರಡೂ ಬೀಳುತ್ತವೆ.
* ಮತ್ತೆ ಸಿಗದಂಥವುಗಳಿಂದ ಆರಂಭಿಸಿ: ಫೋಟೋ, ಧ್ವನಿ, ವೀಡಿಯೋ, ದಾಖಲೆಗಳು, ಲೆಕ್ಕ. ಸಿನಿಮಾ, ಆಟ, ತಂತ್ರಾಂಶಗಳನ್ನು ಬಿಟ್ಟುಬಿಡಿ.
* ಎಲ್ಲವನ್ನೂ ಒಮ್ಮೆಗೇ ಎಳೆಯಬೇಡಿ. ಒಂದೊಂದೇ ಫೋಲ್ಡರ್ ನಕಲು ಮಾಡಿ. ಯಾವುದಾದರೂ ಒಂದರಲ್ಲಿ ಯಂತ್ರ ನಿಂತರೆ ಅದನ್ನು ಗುರುತು ಹಾಕಿಕೊಂಡು ಬಿಡಿ, ಉಳಿದವು ಮುಗಿದ ಮೇಲೆ ಅದಕ್ಕೆ ಮರಳಿ.
* ನಕಲಾದ ಫೋಟೋಗಳಲ್ಲಿ ಕೆಲವನ್ನು ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಕಡತ ಸರಿಯಿದೆ ಎಂದಲ್ಲ.
* 'ಟಕ್ ಟಕ್' ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರೆ ಕೂಡಲೇ ಕಂಪ್ಯೂಟರ್ ನಿಲ್ಲಿಸಿ. ಮುಳ್ಳಿಗೆ ದಾರಿ ಸಿಗುತ್ತಿಲ್ಲ ಎಂದರ್ಥ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಬಿಲ್ಲೆಗೆ ಗಾಯ ಹೆಚ್ಚಬಹುದು. ಅದರಲ್ಲಿ ಬೆಲೆಕಟ್ಟಲಾಗದ್ದು ಇದ್ದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಕಡತ ತೆಗೆಯುವ ತಜ್ಞರಿಗೇ ಕೊಡಬೇಕು. ಅದು ದುಬಾರಿ ಕೆಲಸ. ಮನೆಯಲ್ಲಿ ಡಿಸ್ಕ್‌ನ ಮುಚ್ಚಳವನ್ನು ಎಂದಿಗೂ ಬಿಚ್ಚಬೇಡಿ.

ಡಿಸ್ಕ್‌ನ ನಾಡಿ ಹಿಡಿಯುವುದು

ನಕಲು ಮುಗಿಯಿತೇ? ಈಗ ನಿಶ್ಚಿಂತೆಯಿಂದ ಪರೀಕ್ಷೆಗೆ ಇಳಿಯಬಹುದು. ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಈ ಏರ್ಪಾಡಿಗೆ 'ಸ್ಮಾರ್ಟ್' ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಉದ್ದನೆಯ ಪಟ್ಟಿ ಕಂಡು ಗಾಬರಿ ಬೇಡ, ನಾಲ್ಕು ಸಾಲು ಸಾಕು.

05 ಎಂಬ ಸಾಲು, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ತಾಣಗಳ ಲೆಕ್ಕ. ಸಿ5 ಎಂಬುದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ತಾಣಗಳ ಲೆಕ್ಕ. ಸಿ6 ಎಂದರೆ ಸರಿಪಡಿಸಲಾಗದ ತಾಣಗಳು. ಈ ಮೂರರ ಕೊನೆಯ ಅಂಕಣದಲ್ಲಿ ಸೊನ್ನೆಯೇ ಇರಬೇಕು. ಸೊನ್ನೆಯಲ್ಲದ ಅಂಕಿ ಇದ್ದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ಗೆ ಬೀಳ್ಕೊಡುವ ಸಮಯ ಬಂದಿದೆ. ನಾಲ್ಕನೆಯದು ಸಿ7. ಇದು ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಇದೊಂದೇ ಏರುತ್ತಿದ್ದರೆ ಸಂತೋಷಪಡಿ, ಏಕೆಂದರೆ ದೋಷ ಡಿಸ್ಕ್‌ನದಲ್ಲ, ಹೆಚ್ಚಾಗಿ ಕೇಬಲ್‌ನದು.

ಈ ಲೆಕ್ಕವನ್ನು ಎಷ್ಟು ನಂಬಬಹುದು? 2007ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ತಾನೇ ನಡೆಸುವ ತಪಾಸಣೆಯಲ್ಲಿ ಮೊದಲ ದೋಷ ತೋರಿದ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅಂದರೆ ಎಚ್ಚರಿಕೆ ಬಂದರೆ ನಂಬಲೇಬೇಕು. ಅದೇ ಅಧ್ಯಯನದ ಇನ್ನೊಂದು ಮಾತೂ ಮುಖ್ಯ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 36ಕ್ಕೂ ಹೆಚ್ಚಿನವು ಉಷ್ಣತೆಯ ಹೊರತು ಬೇರಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ಎಚ್ಚರಿಕೆ ಇಲ್ಲವೆಂದು ನಿಶ್ಚಿಂತರಾಗಿ ಕೂರುವಂತಿಲ್ಲ.

ವಿಂಡೋಸ್ ಕೂಡಾ ಒಂದು ದಿನಚರಿ ಬರೆಯುತ್ತದೆ. ಇವೆಂಟ್ ವ್ಯೂಅರ್ ತೆರೆದು, ವಿಂಡೋಸ್ ಲಾಗ್ಸ್‌ನಲ್ಲಿ 'ಸಿಸ್ಟಮ್' ಎಂಬುದನ್ನು ನೋಡಿ. ಕಂಪ್ಯೂಟರ್ ನಿಂತ ಹೊತ್ತಿಗೆ ಸರಿಯಾಗಿ 'ಡಿಸ್ಕ್' ಹೆಸರಿನಲ್ಲಿ 7 ಎಂಬ ಸಂಖ್ಯೆ ಇದ್ದರೆ ಕೆಟ್ಟ ಜಾಗ ಸಿಕ್ಕಿದೆ ಎಂದರ್ಥ. 153 ಎಂದಿದ್ದರೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗಿ ಬಂದಿದೆ. ಹ್ಯಾಂಗ್ ಆದ ಗಂಟೆ ನಿಮಿಷವನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಇದನ್ನು ತಾಳೆ ನೋಡುವುದು ಸುಲಭ.

ಖರ್ಚಿಲ್ಲದ ಕಾರಣಗಳು

ಡಿಸ್ಕ್‌ನ ಲೆಕ್ಕ ಸರಿಯಿದ್ದೂ ಯಂತ್ರ ನಿಲ್ಲುತ್ತಿದ್ದರೆ ಹೊಸದು ಕೊಳ್ಳುವ ಮೊದಲು ಇವನ್ನು ನೋಡಿ.

ನಿದ್ದೆ: ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ವಿಂಡೋಸ್ ಡಿಸ್ಕನ್ನು ನಿಲ್ಲಿಸುತ್ತದೆ. ಮತ್ತೆ ಫೋಲ್ಡರ್ ತೆರೆದಾಗ ಬಿಲ್ಲೆ ವೇಗ ಪಡೆಯಲು ಕೆಲವು ಸೆಕೆಂಡು ಬೇಕು. ಆಗ ಪರದೆ ನಿಂತಂತೆ ಕಾಣುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಡಿಸ್ಕ್ ನಿಲ್ಲಿಸುವ ಅವಧಿಯನ್ನು 'ನೆವರ್' ಎಂದು ಬದಲಾಯಿಸಿ.

ಕೇಬಲ್: ಕಂಪ್ಯೂಟರ್ ನಿಲ್ಲಿಸಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಆಮೇಲೆ ಮುಚ್ಚಳ ತೆಗೆಯಿರಿ. ಡಿಸ್ಕ್‌ಗೆ ಎರಡು ಕೇಬಲ್‌ಗಳು ಬರುತ್ತವೆ: ಒಂದು ಮಾಹಿತಿಗೆ, ಇನ್ನೊಂದು ವಿದ್ಯುತ್ತಿಗೆ. ಎರಡನ್ನೂ ಬಿಚ್ಚಿ ಗಟ್ಟಿಯಾಗಿ ಜೋಡಿಸಿ. ಮಾಹಿತಿಯ ಕೇಬಲ್ ಬದಲಾಯಿಸುವುದು ಅತಿ ಅಗ್ಗದ ರಿಪೇರಿ.

ಧೂಳು ಮತ್ತು ಬಿಸಿ: ಡಿಸ್ಕ್‌ನ ಉಷ್ಣತೆ ಅದೇ ತಂತ್ರಾಂಶದಲ್ಲಿ ಕಾಣುತ್ತದೆ. 50 ಡಿಗ್ರಿ ದಾಟುತ್ತಿದ್ದರೆ ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಈಚೆಗೆ ಇಡಿ, ಮೇಲೆ ಹೊದಿಸಿದ ಬಟ್ಟೆ ತೆಗೆಯಿರಿ, ಫ್ಯಾನಿನ ಧೂಳನ್ನು ಒಣ ಕುಂಚದಿಂದ ಒರೆಸಿ.

ವೋಲ್ಟೇಜ್: ಪಂಪ್‌ಸೆಟ್ಟು, ಮೋಟಾರು ಚಾಲೂ ಆದಾಗ ಮನೆಯ ದೀಪ ಮಂಕಾಗುವುದನ್ನು ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದಾರೆ. ಹ್ಯಾಂಗ್ ಆಗುವುದೂ ಅದೇ ಹೊತ್ತಿಗಾದರೆ ಕಾರಣ ಅಲ್ಲಿರಬಹುದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತಗಳು ಕೆಡುತ್ತವೆ. ಕಂಪ್ಯೂಟರಿಗೆ ಯುಪಿಎಸ್ ಇರಲಿ. ಮನೆಯ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ.

ಇಷ್ಟಾದ ಮೇಲೆ ಡ್ರೈವ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂಬ ದಾರಿಯಲ್ಲಿ ವಿಂಡೋಸ್‌ನ ಸ್ವಂತ ಪರೀಕ್ಷೆ ನಡೆಸಿ. ಕರೆಂಟ್ ಹೋಗಿ ಕೆಟ್ಟ ಕಡತಗಳ ಪಟ್ಟಿಯನ್ನು ಇದು ಸರಿಪಡಿಸುತ್ತದೆ. ಸವೆದ ಬಿಲ್ಲೆಯನ್ನು ಯಾವ ತಂತ್ರಾಂಶವೂ ಹೊಸದು ಮಾಡಲಾರದು.

ಬದಲಾಯಿಸುವುದಾದರೆ

ಈಗ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಬಿಲ್ಲೆಯೂ ಇಲ್ಲ, ಮುಳ್ಳೂ ಇಲ್ಲ. ಹಳೆಯ ಕಂಪ್ಯೂಟರಿಗೂ ಅದನ್ನು ಹಾಕಿಸಿದರೆ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಎಸ್‌ಎಸ್‌ಡಿ ಕೆಡುವಾಗ ತಡವರಿಸದೆ ಒಮ್ಮೆಗೇ ನಿಂತುಹೋಗುವುದೂ ಉಂಟು. ಹೊಸದು ಬಂತೆಂದು ನಕಲು ಬಿಡಬೇಡಿ. ಇನ್ನೊಂದು ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಸ್ಕ್ ಬದಲಿಸುವಾಗ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ.

ಅಂಗಡಿಗೆ ಕೊಡುವ ಮುನ್ನ

ಮನೆಯ ಹೆಣ್ಣುಮಕ್ಕಳ ಫೋಟೋಗಳಿರುವ ಆಲ್ಬಮನ್ನು ನಾವು ಅಪರಿಚಿತರ ಕೈಗೆ ಕೊಟ್ಟು ಎರಡು ದಿನ ಬಿಟ್ಟು ಬರುವುದಿಲ್ಲ. ಹಾರ್ಡ್ ಡಿಸ್ಕ್ ಅಂಥ ನೂರು ಆಲ್ಬಮ್‌ಗಳಿಗೆ ಸಮ. ದೋಷ ಡಿಸ್ಕ್‌ನದಲ್ಲವಾದರೆ ಡಿಸ್ಕನ್ನು ಬಿಚ್ಚಿಟ್ಟುಕೊಂಡು ಉಳಿದ ಪೆಟ್ಟಿಗೆಯನ್ನು ಮಾತ್ರ ಕೊಡಿ. ಡಿಸ್ಕನ್ನೇ ಕೊಡಬೇಕಾದರೆ ಮನೆಯವರೊಬ್ಬರು ಅಲ್ಲಿಯೇ ಕೂತು ಕೆಲಸ ಮಾಡಿಸಿಕೊಂಡು ಬರಲಿ. ಬದಲಿಸಿದ ಹಳೆಯ ಡಿಸ್ಕನ್ನು ಕೇಳಿ ವಾಪಸು ತನ್ನಿ.

ಹಳೆಯದನ್ನು ಗುಜರಿಗೆ ಹಾಕುವ ಮೊದಲೂ ಯೋಚಿಸಿ. 'ಕ್ವಿಕ್ ಫಾರ್ಮ್ಯಾಟ್' ಅಳಿಸುವುದು ಪುಸ್ತಕದ ಪರಿವಿಡಿಯನ್ನು ಮಾತ್ರ, ಪುಟಗಳು ಹಾಗೆಯೇ ಇರುತ್ತವೆ. ಬಲ್ಲವರು ಅವನ್ನು ಮತ್ತೆ ತೆಗೆಯಬಲ್ಲರು. ಡಿಸ್ಕ್ ನಡೆಯುತ್ತಿದ್ದರೆ ಪೂರ್ಣ ಫಾರ್ಮ್ಯಾಟ್ ಮಾಡಿ. ನಡೆಯದಿದ್ದರೆ ಡ್ರಿಲ್ಲಿಂಗ್ ಯಂತ್ರದಿಂದ ಬಿಲ್ಲೆಗಳಿಗೆ ತೂತು ಕೊರೆಸಿ ಬಿಸಾಡಿ.

ಮೂರು ಕಡೆ ಇರಲಿ

ಮುಖ್ಯವಾದುದು ಮೂರು ಪ್ರತಿಯಲ್ಲಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದು ಪ್ರತಿ ಮನೆಯ ಹೊರಗಿರಲಿ ಎಂಬುದು ಜಗತ್ತಿನಾದ್ಯಂತ ಬಲ್ಲವರು ಪಾಲಿಸುವ ನಿಯಮ. ನಮ್ಮ ಮನೆಗಳಿಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಕಪಾಟಿನಲ್ಲಿಟ್ಟ ಹೊರಗಿನ ಡಿಸ್ಕ್‌ನಲ್ಲಿ, ಮತ್ತೊಂದು ತವರುಮನೆಯ ಬೀರುವಿನಲ್ಲಿ. ಈದ್‌ಗೆ ತವರಿಗೆ ಹೋದಾಗ ಹೊಸ ಪ್ರತಿ ಇಟ್ಟು ಹಳೆಯದನ್ನು ತಂದರಾಯಿತು.

ಕಪಾಟಿನ ಪ್ರತಿಗೆ ತಿಂಗಳಿಗೊಂದು ದಿನ ಗೊತ್ತು ಮಾಡಿ, ಮೊದಲ ಶುಕ್ರವಾರವಾದರೂ ಸರಿ. ಹತ್ತನೇ ತರಗತಿಯಲ್ಲಿ ಓದುವ ಮಗಳಿಗೋ ಮಗನಿಗೋ ಆ ಜವಾಬ್ದಾರಿ ವಹಿಸಿ. ಹೊರಗಿನ ಡಿಸ್ಕ್ ಜೋಡಿಸಬೇಕು, ಆ ತಿಂಗಳ ಫೋಟೋ ಮತ್ತು ಲೆಕ್ಕವನ್ನು ನಕಲು ಮಾಡಬೇಕು, ನಾಲ್ಕು ಕಡತ ತೆರೆದು ನೋಡಬೇಕು, ಮತ್ತೆ ಬಿಚ್ಚಿ ಕಪಾಟಿನಲ್ಲಿ ಇಡಬೇಕು. ತಿಂಗಳ ಹೊಸ ಕಡತಗಳಷ್ಟೇ ಆದ್ದರಿಂದ ಹೆಚ್ಚು ಹೊತ್ತು ಹಿಡಿಯದು. ನಿಮ್ಮ ಕಂಪ್ಯೂಟರ್ ಈ ವಾರ ಒಂದು ಸಲವಾದರೂ ಹೀಗೆ ನಿಂತು ಮತ್ತೆ ನಡೆದಿದ್ದರೆ ಶುಕ್ರವಾರದವರೆಗೆ ಕಾಯಬೇಡಿ, ಇಂದೇ ನಕಲು ಮಾಡಿ.