ಕರಬೂಜದ ಊರಿಗೆ ಕ್ಷಿಪಣಿ: ಮೊದಲು ಸ್ಥಾಪನೆ, ಆಮೇಲೆ ಅಧ್ಯಯನ

ಮಿಲಿಟರಿ ವಿಚಾರಕ್ಕೆ ಕೃಷಿ ಪತ್ರಿಕೆಯಲ್ಲಿ ಏನು ಕೆಲಸ ಅಂತ ಕೆಲವರು ಕೇಳಬಹುದು. ದಕ್ಷಿಣ ಕೊರಿಯಾದ ಸೊಂಗ್ಜು ಎಂಬಲ್ಲಿನ ಹಣ್ಣು ಬೆಳೆಗಾರರಿಗೂ 2016ರ ಜುಲೈವರೆಗೆ ಕ್ಷಿಪಣಿ ಎಂದರೆ ಟೀವಿಯ ಸುದ್ದಿ ಅಷ್ಟೆ. ಆಮೇಲೆ ಅದು ಅವರ ತೋಟದ ಸುದ್ದಿಯಾಯಿತು. ಅಲ್ಲಿ ನಡೆದದ್ದನ್ನು ಕೆಲವು ಸಮಯದಿಂದ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಾ ಬಂದಿದ್ದೇನೆ. 'ಪರಿಸರ ಪರಿಣಾಮ ಅಧ್ಯಯನ' ಎಂಬ ಕಾಗದದ ಬೆಲೆ ಎಷ್ಟು, ಅದು ಯಾವಾಗ ಬೆಲೆ ಕಳೆದುಕೊಳ್ಳುತ್ತದೆ ಎಂದು ತಿಳಿಯಲು ಕೃಷಿಕರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಒಂದೇ ಬೆಳೆಯ ಊರು

ಸೊಂಗ್ಜು ಒಂದು ಸಣ್ಣ ಜಿಲ್ಲೆ. 2016ರಲ್ಲಿ ಜನಸಂಖ್ಯೆ ಸುಮಾರು 45 ಸಾವಿರ ಇತ್ತು. ಬೆಳೆ 'ಚಾಮ್ವೆ'. ಇದು ನಮ್ಮ ಕರಬೂಜ, ಚಿಬ್ಬಡಗಳ ದಾಯಾದಿ. ಅಂಗೈಯಲ್ಲಿ ಹಿಡಿಯುವ ಗಾತ್ರ, ಹಳದಿ ಮೈ, ಉದ್ದಕ್ಕೆ ಬಿಳಿ ಪಟ್ಟಿ. ಪ್ಲಾಸ್ಟಿಕ್ ಹಾಳೆಯ ಮನೆಯೊಳಗೆ ಬೆಳೆಯುತ್ತಾರೆ, ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆ ಇಡುತ್ತಾರೆ. ಸುಮಾರು 4 ಸಾವಿರ ಕುಟುಂಬಗಳಿಗೆ ಇದೇ ಅನ್ನ. ಇಡೀ ಕೊರಿಯಾದ ಚಾಮ್ವೆಯಲ್ಲಿ ಹೆಚ್ಚುಕಮ್ಮಿ 70 ಶೇಕಡಾ ಈ ಒಂದು ಜಿಲ್ಲೆಯದು. ಪೇಟೆಯಲ್ಲಿ ಹಣ್ಣು ಮಾರುವುದೇ ಊರಿನ ಹೆಸರಿನಲ್ಲಿ.

2016ರ ಜುಲೈ 8ರಂದು ಕೊರಿಯಾ ಮತ್ತು ಅಮೆರಿಕ 'ಥಾಡ್' ಎಂಬ ಕ್ಷಿಪಣಿ ರಕ್ಷಣಾ ವ್ಯವಸ್ಥೆ ತರುವುದಾಗಿ ಹೇಳಿದವು. ಜುಲೈ 13ರಂದು, ಅಂದರೆ ಐದೇ ದಿನದಲ್ಲಿ, ಜಾಗ ಸೊಂಗ್ಜು ಎಂದು ಘೋಷಣೆಯಾಯಿತು. ಊರಿನವರನ್ನು ಮೊದಲು ಕೇಳಿರಲಿಲ್ಲ.

ಏನಿದು ಥಾಡ್?

ಉತ್ತರ ಕೊರಿಯಾ ಕಡೆಯಿಂದ ಬರುವ ಕ್ಷಿಪಣಿಯನ್ನು ಎತ್ತರದಲ್ಲೇ ಎದುರಿನಿಂದ ಹೋಗಿ ಗುದ್ದಿ ಒಡೆಯುವ ವ್ಯವಸ್ಥೆ ಇದು. ಗುದ್ದುವ ಕ್ಷಿಪಣಿಯಲ್ಲಿ ಸ್ಫೋಟಕದ ಸಿಡಿತಲೆ ಇಲ್ಲ, ವೇಗದ ಹೊಡೆತವೇ ಆಯುಧ. ಸೊಂಗ್ಜುವಿಗೆ ಗೊತ್ತುಮಾಡಿದ್ದು ಆರು ಉಡಾವಣಾ ವಾಹನ, ಒಂದೊಂದರಲ್ಲಿ ಎಂಟು ಕ್ಷಿಪಣಿ. ಜತೆಗೆ ದೂರದಿಂದಲೇ ಗುರುತು ಹಿಡಿಯಲು ಬಲವಾದ ರೇಡಾರ್.

ಊರಿನವರ ಭಯ ಇದ್ದದ್ದು ಕ್ಷಿಪಣಿಗಿಂತ ಹೆಚ್ಚಾಗಿ ಈ ರೇಡಾರಿನ ಮೇಲೆ. ಅದಕ್ಕೆ ಕಾರಣವೂ ಇತ್ತು. ಅಮೆರಿಕದ ಸೇನೆಯ ಕಾಗದಗಳಲ್ಲೇ ರೇಡಾರಿನ ಎದುರು 3.6 ಕಿಲೋಮೀಟರ್ ಒಳಗೆ ಹೊರಗಿನವರು ಬರಕೂಡದು ಎಂಬ ಅಂತರ ನಮೂದಾಗಿತ್ತು. ಮೊದಲು ಗೊತ್ತುಮಾಡಿದ ಗುಡ್ಡದಿಂದ ಸೊಂಗ್ಜು ಪೇಟೆ ಒಂದೂವರೆ ಕಿಲೋಮೀಟರ್ ಕೂಡ ಸರಿಯಾಗಿ ಇರಲಿಲ್ಲ. ಸರಕಾರದ ಉತ್ತರ: ನೆಲದಲ್ಲಿ 100 ಮೀಟರ್ ಒಳಗೆ ಮಾತ್ರ ನಿಷೇಧ. ರೇಡಾರ್ ಇರುವುದು ಗುಡ್ಡದ ತಲೆಯಲ್ಲಿ, ಕಿರಣ ಕನಿಷ್ಠ 5 ಡಿಗ್ರಿ ಮೇಲ್ಮುಖ, ಕೆಳಗಿನ ಪೇಟೆಗೆ ತಾಗುವುದಿಲ್ಲ.

ಈ ಉತ್ತರದಲ್ಲಿ ಹುರುಳಿತ್ತು. ಆದರೆ ಬಂದದ್ದು ಘೋಷಣೆಯ ನಂತರ. ಜುಲೈ 15ರಂದು ಸಮಾಧಾನ ಹೇಳಲು ಬಂದ ಪ್ರಧಾನಿಯ ಮೇಲೆ ಮೊಟ್ಟೆ, ನೀರಿನ ಬಾಟ್ಲಿ ಬಿದ್ದವು. ಅವರ ಬಸ್ಸನ್ನು ಆರು ಗಂಟೆಗೂ ಹೆಚ್ಚು ಹೊತ್ತು ಸುತ್ತುಗಟ್ಟಿದರು. ಅಷ್ಟರಲ್ಲಿ 'ಥಾಡ್ ಚಾಮ್ವೆ' ಎಂಬ ಮಾತು ದೇಶವಿಡೀ ಹರಡಿತ್ತು. ಒಂದು ಹಣ್ಣೂ ಕೆಡದೆ ಹಣ್ಣಿನ ಹೆಸರು ಕೆಟ್ಟಿತು. ಜುಲೈ 30ರಂದು ರೈತರು ತಮ್ಮದೇ ಚಾಮ್ವೆ ಹೊಲಕ್ಕೆ ಟ್ರ್ಯಾಕ್ಟರ್ ಹರಿಸಿದರು. ಆಗಸ್ಟ್ 15ರಂದು 908 ಮಂದಿ ಒಟ್ಟಿಗೆ ಕೂತು ತಲೆ ಬೋಳಿಸಿಕೊಂಡರು.

ಸೆಪ್ಟೆಂಬರ್ 30ರಂದು ಸರಕಾರ ಜಾಗ ಬದಲಿಸಿತು. ಅದೇ ಜಿಲ್ಲೆಯ ಉತ್ತರದ ತುದಿಯಲ್ಲಿ, ಸೊಸೊಂಗ್-ರಿ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಲೊಟ್ಟೆ ಕಂಪೆನಿಯ ಗಾಲ್ಫ್ ಮೈದಾನವಿತ್ತು. ಎತ್ತರ ಸುಮಾರು 680 ಮೀಟರ್. ಪೇಟೆಯವರಿಗೆ ಸ್ವಲ್ಪ ಉಸಿರು ಬಂತು, ಬೆಟ್ಟದ ಬುಡದವರಿಗೆ ಉಸಿರು ಕಟ್ಟಿತು. ಆಚೆ ಬದಿಯ ಗಿಮ್ಚೊನ್ ದ್ರಾಕ್ಷಿಗೆ, ಪ್ಲಮ್ಮಿಗೆ ಹೆಸರಾದ ಊರು. ಅವರೂ ಬೀದಿಗಿಳಿದರು.

ಮೂವತ್ತು ಸೆಂಟ್ಸಿನ ಲೆಕ್ಕ

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಜಾಗದ ಅಳತೆ.

ಕೊರಿಯಾದ ಕಾನೂನಿನಲ್ಲಿ ಇಂಥ ಮಿಲಿಟರಿ ಯೋಜನೆಗೆ 3,30,000 ಚದರ ಮೀಟರ್ ಅಥವಾ ಹೆಚ್ಚು ಜಾಗ ಬೇಕಿದ್ದರೆ ಪೂರ್ಣ ಪರಿಸರ ಪರಿಣಾಮ ಅಧ್ಯಯನ ಆಗಬೇಕು. ಅದರಲ್ಲಿ ಜನರ ಅಭಿಪ್ರಾಯ ಕೇಳುವ ಹಂತವಿದೆ, ವರ್ಷಗಟ್ಟಲೆ ಹಿಡಿಯಬಹುದು. ಅದಕ್ಕಿಂತ ಕಡಿಮೆ ಇದ್ದರೆ 'ಸಣ್ಣ ಪ್ರಮಾಣದ' ಅಧ್ಯಯನ ಸಾಕು, ಬೇಗ ಮುಗಿಯುತ್ತದೆ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆಗೆ ಬಿಟ್ಟುಕೊಟ್ಟ ಜಾಗ 3,28,779 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 81 ಎಕರೆ ಚಿಲ್ಲರೆ. ಮಿತಿಗಿಂತ ಬರೇ 1,221 ಚದರ ಮೀಟರ್ ಕಡಿಮೆ, ಅಂದರೆ 30 ಸೆಂಟ್ಸ್!

ಕೆಲವೇ ದಿನದಲ್ಲಿ, ಏಪ್ರಿಲ್ 26ರ ಬೆಳಗ್ಗಿನ ಜಾವ, ರೇಡಾರ್ ಮತ್ತು ಎರಡು ಉಡಾವಣಾ ವಾಹನ ಬೆಟ್ಟ ಹತ್ತಿದವು. ಸಣ್ಣ ಅಧ್ಯಯನ ಕೂಡ ಆಗ ಮುಗಿದಿರಲಿಲ್ಲ.

ಮೇ ತಿಂಗಳ ಚುನಾವಣೆಯಲ್ಲಿ ಗೆದ್ದ ಹೊಸ ಅಧ್ಯಕ್ಷ ಮೂನ್ ಜೇ-ಇನ್ ಇದರ ತನಿಖೆ ಮಾಡಿಸಿದರು. ಜೂನ್ 5ರಂದು ಅಧ್ಯಕ್ಷರ ಕಚೇರಿ ಹೊರಗೆಡವಿದ ಸಂಗತಿ ಇದು: ರಕ್ಷಣಾ ಇಲಾಖೆ ಒಟ್ಟು ಕೊಡಲಿದ್ದದ್ದು ಸುಮಾರು 7 ಲಕ್ಷ ಚದರ ಮೀಟರ್, ಅಂದರೆ 170 ಎಕರೆಗೂ ಮಿಕ್ಕಿ. ಅದನ್ನು ಎರಡು ಹಂತ ಮಾಡಿ ಮೊದಲ ತುಂಡು ಮಿತಿಯೊಳಗೆ ಬರುವಂತೆ ನೋಡಿಕೊಂಡಿದ್ದರು. ಆ ತುಂಡಿನ ಆಕಾರ ಕವುಚಿ ಹಾಕಿದ ಲಾಳದ ಹಾಗೆ. ನಡುವಿನ ಜಾಗವನ್ನು ಬಿಟ್ಟು ಸುತ್ತ ಗೆರೆ ಎಳೆದಿದ್ದರು.

ತುಂಡರಿಸುವ ಈ ವಿದ್ಯೆ ನಮಗೇನು ಹೊಸತಲ್ಲ. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಕಲ್ಲಿನ ಕೋರೆ ಬಂದಾಗ ಒಂದೇ ಗುಡ್ಡ ಮೂರು ಹೆಸರಿನಲ್ಲಿ ಮೂರು ಅರ್ಜಿಯಾಗಿತ್ತು. ಕಾಗದದಲ್ಲಿ ಮೂರೂ ಸಣ್ಣವೇ. ಮಳೆಗಾಲದಲ್ಲಿ ಹೂಳು ಮಾತ್ರ ಒಂದೇ ತೋಡಿನಲ್ಲಿ ನಮ್ಮ ತೋಟಕ್ಕೆ ಬಂತು. 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕು ಎಂದು 2012ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಆದೇಶಿಸಿದ್ದರ ಹಿಂದೆಯೂ ಇದೇ ಕಳವಳವಿತ್ತು.

ಅಳತೆ ಏನು ಹೇಳಿತು?

ಪೂರ್ಣ ಅಧ್ಯಯನ ಮಾಡುತ್ತೇವೆ ಎಂದು ಕೊರಿಯಾ ಸರಕಾರ 2017ರ ಜುಲೈ 28ರಂದು ಹೇಳಿತು. ಅದೇ ರಾತ್ರಿ ಉತ್ತರ ಕೊರಿಯಾ ದೂರಗಾಮಿ ಕ್ಷಿಪಣಿ ಹಾರಿಸಿತು. ಮಾರನೇ ದಿನವೇ ಉಳಿದ ನಾಲ್ಕು ವಾಹನಗಳನ್ನೂ 'ತಾತ್ಕಾಲಿಕವಾಗಿ' ಇರಿಸಲು ಅಧ್ಯಕ್ಷರ ಆದೇಶ. ಆಗಸ್ಟ್ 12ರಂದು ಅಧಿಕಾರಿಗಳು ರೇಡಾರಿನ ಅಲೆ, ಸದ್ದು ಅಳೆದರು. ಸೆಪ್ಟೆಂಬರ್ 4ರಂದು ಸಣ್ಣ ಅಧ್ಯಯನಕ್ಕೆ ಷರತ್ತಿನ ಒಪ್ಪಿಗೆ. ಸೆಪ್ಟೆಂಬರ್ 7ರಂದು ಸುಮಾರು 8 ಸಾವಿರ ಪೊಲೀಸರ ಕಾವಲಿನಲ್ಲಿ ನಾಲ್ಕು ವಾಹನವೂ ಮೇಲೆ ಹೋಯಿತು.

ಪೂರ್ಣ ಅಧ್ಯಯನ ಮುಗಿದು ಪರಿಸರ ಇಲಾಖೆಯ ಒಪ್ಪಿಗೆ ಸಿಕ್ಕಿದ್ದು 2023ರ ಜೂನ್ 21ರಂದು. ಆಯುಧ ಬಂದು ಆರು ವರ್ಷ ಕಳೆದಿತ್ತು.

ಫಲಿತಾಂಶ ಹೀಗಿದೆ. ಜನರ ಮೈಗೆ ತಾಗಬಹುದಾದ ಅಲೆಗೆ ಕೊರಿಯಾದ ಮಿತಿ ಚದರ ಮೀಟರಿಗೆ 10 ವ್ಯಾಟ್. ಅಲ್ಲಿ ಕಂಡ ಅತಿ ಹೆಚ್ಚಿನ ಅಳತೆ 0.018870 ವ್ಯಾಟ್. ಮಿತಿಯ ನೂರರಲ್ಲಿ ಒಂದು ಪಾಲಿನ ಐದನೇ ಒಂದಂಶವೂ ಇಲ್ಲ. 2016ರ ಜುಲೈಯಲ್ಲೇ ಅಮೆರಿಕದವರು ಗುವಾಮ್ ದ್ವೀಪದ ಥಾಡ್ ನೆಲೆಗೆ ಕೊರಿಯಾದ ಪತ್ರಕರ್ತರನ್ನು ಕರೆದೊಯ್ದು ತೋರಿಸಿದ್ದರು. ರೇಡಾರಿನಿಂದ 1.6 ಕಿಲೋಮೀಟರ್ ದೂರದಲ್ಲಿ ಅಲ್ಲಿ ಸಿಕ್ಕ ಗರಿಷ್ಠ ಅಳತೆ 0.0007 ವ್ಯಾಟ್.

ನಾವು ಈ ಅಂಕಿಗಳನ್ನು ಮುಚ್ಚಿಡಬಾರದು. ಹಣ್ಣು ವಿಷವಾಗುತ್ತದೆ ಎಂಬ ಗಾಳಿಸುದ್ದಿ ಗಾಳಿಸುದ್ದಿಯಾಗಿಯೇ ಉಳಿಯಿತು. 2019ರಲ್ಲಿ ಸೊಂಗ್ಜುವಿನ ಚಾಮ್ವೆ ಹುಟ್ಟುವಳಿ ಮೊದಲ ಬಾರಿ 50,000 ಕೋಟಿ ವೋನ್ ದಾಟಿತು. 2024ರ ಮಾರ್ಚಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಊರಿನವರ ಅರ್ಜಿಯನ್ನು ತಳ್ಳಿಹಾಕಿತು.

ಹಾಗಾದರೆ ಹೋರಾಡಿದವರು ದಡ್ಡರೇ? ನನಗೆ ಹಾಗೆ ಕಾಣುವುದಿಲ್ಲ. ಇದೇ ಅಳತೆಯನ್ನು ಜಾಗ ಗೊತ್ತುಮಾಡುವ ಮೊದಲು, ಊರಿನವರು ನಂಬುವ ತಜ್ಞರನ್ನು ಜತೆಗೆ ನಿಲ್ಲಿಸಿಕೊಂಡು ಮಾಡಿದ್ದರೆ ಎಷ್ಟೋ ಮಂದಿ ಒಪ್ಪುತ್ತಿದ್ದರೋ ಏನೋ. ಮಣ್ಣು ಪರೀಕ್ಷೆ ಮಾಡಿಸುವುದು ಗೊಬ್ಬರ ಹಾಕುವ ಮೊದಲು ತಾನೇ? ಹಾಕಿ ಆರು ವರ್ಷ ಕಳೆದು 'ಮಣ್ಣು ಸರಿ ಇತ್ತು' ಎಂಬ ವರದಿ ಬಂದರೆ ವರದಿ ಸುಳ್ಳಾಗಿರಬೇಕಿಲ್ಲ, ಆದರೆ ಬೇಡ ಎನ್ನುವ ಅವಕಾಶ ಯಾರಿಗೂ ಉಳಿದಿರುವುದಿಲ್ಲ. 2022ರಲ್ಲಿ ಪೂರ್ಣ ಅಧ್ಯಯನಕ್ಕಾಗಿ ಸಮಿತಿ ಮಾಡಿದಾಗ ಜನರ ಪ್ರತಿನಿಧಿ ಯಾರೆಂಬುದನ್ನು ಗುಟ್ಟಾಗಿಟ್ಟರು. ಊರಿಗೇ ಗೊತ್ತಿಲ್ಲದ ಊರಿನ ಪ್ರತಿನಿಧಿ! ಹೀಗಾದ ಮೇಲೆ ಅಂಕಿ ಎಷ್ಟು ಸರಿ ಇದ್ದರೂ ನಂಬಿಕೆ ಹುಟ್ಟುವುದು ಕಷ್ಟ.

ನಮ್ಮಲ್ಲಿ ಹೇಗೆ?

ದೇಶದ ರಕ್ಷಣೆ ಬೇಡ ಎನ್ನುವವ ನಾನಲ್ಲ. ಸೊಂಗ್ಜುವಿನವರಿಗೂ ನೆತ್ತಿಯ ಮೇಲಿನ ಅಪಾಯ ಸುಳ್ಳಾಗಿರಲಿಲ್ಲ. ಆದರೆ ನಮ್ಮ ಕಾನೂನು ಏನು ಹೇಳುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ರಕ್ಷಣೆ, ಭದ್ರತೆಗೆ ಸೇರಿದ ಯೋಜನೆಗಳಿಗೆ ಸಾರ್ವಜನಿಕ ಅಭಿಪ್ರಾಯ ಕೇಳಬೇಕಾಗಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಡಿಆರ್‌ಡಿಒ ಮತ್ತಿತರ ಸಂಸ್ಥೆಗಳಿಗೆ ಹೋದಾಗ ಕುರಿ, ದನ ಮೇಯಿಸುವವರ ಪ್ರಶ್ನೆ ಹಸಿರು ನ್ಯಾಯಮಂಡಳಿಯ ಬಾಗಿಲಿಗೆ ಹೋಗಿದ್ದನ್ನು ಓದುಗರು ಮರೆತಿರಲಿಕ್ಕಿಲ್ಲ.

ಹಾಗಾಗಿ ಮಿಲಿಟರಿಯದೇ ಇರಲಿ, ಕೋರೆ, ಕಾರ್ಖಾನೆ, ವಿದ್ಯುತ್ ಲೈನೇ ಇರಲಿ, ನಮ್ಮ ಊರಿಗೆ ಯೋಜನೆ ಬಂದರೆ ಈ ಪ್ರಶ್ನೆಗಳನ್ನು ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿ:

1. ಕೊನೆಗೆ ಬೇಕಾಗುವ ಒಟ್ಟು ಜಾಗ ಎಷ್ಟು? ಈಗ ತೋರಿಸಿದ್ದು ಮೊದಲ ತುಂಡೇ? ಸರ್ವೆ ನಕ್ಷೆ ಕೇಳಿ ಪಡೆಯಿರಿ. ಗೆರೆ ವಿಚಿತ್ರವಾಗಿ ಬಳುಕಿದ್ದರೆ ಯಾಕೆಂದು ಕೇಳಿ.

2. ಅಧ್ಯಯನ ಮುಗಿಯುವ ಮೊದಲು ಕೆಲಸ ಶುರುವಾಗುತ್ತದೆಯೇ? 'ತಾತ್ಕಾಲಿಕ' ಎಂದರೆ ಎಷ್ಟು ದಿನ?

3. ಅಳೆಯುವವರು ಯಾರು? ನಾವು ಹೇಳಿದ ತಜ್ಞರು ಜತೆಗಿರಬಹುದೇ? ಬಾವಿ, ತೋಡು, ಜೇನುಪೆಟ್ಟಿಗೆ ಪಟ್ಟಿಯಲ್ಲಿವೆಯೇ?

4. ಊರಿನ ಪ್ರತಿನಿಧಿಯನ್ನು ಆರಿಸಿದವರು ಯಾರು?

5. ಬೆಳೆಗೆ ಏನೂ ಆಗದೆ ಬೆಳೆಯ ಹೆಸರು ಕೆಟ್ಟು ಧಾರಣೆ ಇಳಿದರೆ ಹೊಣೆ ಯಾರು? ಪರಿಹಾರದ ಲೆಕ್ಕದಲ್ಲಿ ಅದು ಇದೆಯೇ?

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಯೋಜನೆ ಬರುವ ಮೊದಲೇ ಬಾವಿಯ ನೀರಿನ ಮಟ್ಟ, ನೀರಿನ ಗುಣ, ಫಸಲಿನ ತೂಕ, ಸಿಕ್ಕಿದ ಧಾರಣೆಯನ್ನು ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ಹೇಗಿತ್ತು ಎಂದು ತೋರಿಸಲು ನಮ್ಮ ಹತ್ತಿರ ಕಾಗದ ಇಲ್ಲದಿದ್ದರೆ, ಆಮೇಲೆ ಏನಾಯಿತು ಎಂದು ಹೇಳುವುದು ಅವರ ಕಾಗದ ಮಾತ್ರ.