ಅರ್ಜಿ ಓದಿದ್ದು ಯಾರು?

ಚೀನಾದ ವಿದ್ಯಾರ್ಥಿಗಳಿಗೆ ಮನೆಯಲ್ಲೇ ಕುಳಿತು ಕಂಪ್ಯೂಟರ್ ಮೂಲಕ ಇಂಗ್ಲಿಷ್ ಕಲಿಸುವ ಕೆಲಸವದು. 2020ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಮಹಿಳೆಯೊಬ್ಬರು ಅದಕ್ಕೆ ಅರ್ಜಿ ಹಾಕಿದರು. ಅರ್ಜಿ ಹೋಗಿದ್ದೇ ತಡ, ತಿರಸ್ಕಾರವೂ ಬಂತು. ಕಾಗದದ ಕಾಲವಾಗಿದ್ದರೆ ಅಂಚೆಯವನ ದಾರಿ ಕಾಯುತ್ತಾ ಒಂದೆರಡು ವಾರವಾದರೂ ಆಸೆ ಇಟ್ಟುಕೊಳ್ಳಬಹುದಿತ್ತು. ಮರುದಿನ ಅವರು ಅದೇ ಅರ್ಜಿಯನ್ನು ಮತ್ತೆ ಕಳುಹಿಸಿದರು. ವಿದ್ಯಾರ್ಹತೆ ಅದೇ, ಅನುಭವ ಅದೇ. ಬದಲಾದದ್ದು ಹುಟ್ಟಿದ ತಾರೀಖು ಮಾತ್ರ. ಈ ಸಲ ಸಂದರ್ಶನಕ್ಕೆ ಕರೆ ಬಂತು!

ಮುಂದಿನದು ನ್ಯಾಯಾಲಯದ ಕತೆ. ಐಟ್ಯೂಟರ್‌ಗ್ರೂಪ್ ಎಂಬ ಆ ಸಂಸ್ಥೆಯ ಮೇಲೆ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ 2022ರಲ್ಲಿ ದಾವೆ ಹೂಡಿತು. 55 ತುಂಬಿದ ಹೆಂಗಸರನ್ನೂ 60 ತುಂಬಿದ ಗಂಡಸರನ್ನೂ ತಾನಾಗಿ ಹೊರಗಿಡುವಂತೆ ತಂತ್ರಾಂಶವನ್ನು ರೂಪಿಸಲಾಗಿತ್ತು, 200ಕ್ಕೂ ಹೆಚ್ಚು ಅರ್ಹರು ಹೀಗೆ ಅವಕಾಶ ಕಳೆದುಕೊಂಡರು ಎಂಬುದು ಆಯೋಗದ ಆರೋಪ. ಸಂಸ್ಥೆ ತಪ್ಪು ಒಪ್ಪಿಕೊಳ್ಳಲಿಲ್ಲ. 2023ರಲ್ಲಿ 3,65,000 ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಈ ಪ್ರಕರಣದಲ್ಲಿ ಯಂತ್ರಕ್ಕೆ ಬುದ್ಧಿ ಇತ್ತೆಂದು ಹೇಳುವಂತಿಲ್ಲ. ಹೇಳಿಕೊಟ್ಟಿದ್ದನ್ನು ಮಾಡಿತು, ಅಷ್ಟೆ. ಯಾರೂ ಹೇಳಿಕೊಡದೆ ಯಂತ್ರ ತಾನೇ ಇಂಥ ಪಾಠ ಕಲಿತರೆ? ಅದಕ್ಕೂ ಉದಾಹರಣೆ ಉಂಟು.

ಅರ್ಜಿಗಳನ್ನು ಜರಡಿ ಹಿಡಿಯುವ ತಂತ್ರಾಂಶವೊಂದನ್ನು ತಯಾರಿಸಲು ಅಮೆಜಾನ್ ಕಂಪೆನಿ 2014ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ತಂಡವೊಂದನ್ನು ಕೂರಿಸಿತು. ಗಿರಾಕಿಗಳು ಮಿಕ್ಸಿಗೋ ಚಪ್ಪಲಿಗೋ ನಕ್ಷತ್ರ ಕೊಡುವ ಹಾಗೆ ಅಭ್ಯರ್ಥಿಗಳಿಗೂ 1ರಿಂದ 5 ನಕ್ಷತ್ರ ಕೊಡಬೇಕೆಂಬುದು ಎಣಿಕೆ. ಕಂಪೆನಿಗೆ ಹಿಂದಿನ 10 ವರ್ಷಗಳಲ್ಲಿ ಬಂದ ಬಯೋಡಾಟಾಗಳನ್ನು ಯಂತ್ರಕ್ಕೆ ಉಣಬಡಿಸಲಾಯಿತು. ಅವುಗಳಲ್ಲಿ ಬಹುಪಾಲು ಗಂಡಸರವು. ಯಂತ್ರ ಲೆಕ್ಕ ಹಾಕಿತು. ಗಂಡಸರೇ ಮೇಲು ಎಂಬ ತೀರ್ಮಾನಕ್ಕೆ ಬಂತು. ‘ಮಹಿಳಾ ಚದುರಂಗ ಸಂಘದ ನಾಯಕಿ’ ಎಂದು ಬರೆದುಕೊಂಡವರ ಅಂಕ ಇಳಿಯಿತು. ಮಹಿಳೆಯರಿಗೆಂದೇ ಇರುವ ಎರಡು ಕಾಲೇಜುಗಳ ಪದವೀಧರೆಯರಿಗೂ ಅದೇ ಗತಿ. ಈ ಅಳತೆಗೋಲು ಇಲ್ಲಿಗೆ ಬಂದರೆ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದ ಹುಡುಗಿ ಕಾಲೇಜಿನ ಹೆಸರು ಬರೆದ ತಪ್ಪಿಗೇ ಅಂಕ ಕಳೆದುಕೊಂಡಾಳು.

ಆ ಪದಗಳನ್ನೇನೋ ತಿದ್ದಿದರು. ಆದರೆ ಯಂತ್ರ ಇನ್ನಾವ ಸಂದಿಯಿಂದ ಅದೇ ತೀರ್ಮಾನಕ್ಕೆ ನುಸುಳುತ್ತದೋ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡಸರ ಬಯೋಡಾಟಾಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ಗಟ್ಟಿ ಕ್ರಿಯಾಪದಗಳ ಮೇಲೂ ಅದಕ್ಕೆ ಒಲವಿತ್ತು. 2017ರ ಆರಂಭದ ಹೊತ್ತಿಗೆ ತಂಡವನ್ನೇ ವಿಸರ್ಜಿಸಲಾಯಿತು. ರಾಯಿಟರ್ಸ್ ಸುದ್ದಿಸಂಸ್ಥೆ 2018ರ ಅಕ್ಟೋಬರಿನಲ್ಲಿ ಇದನ್ನು ಬಯಲಿಗೆಳೆದಾಗ, ನೇಮಕಾತಿಯ ತೀರ್ಮಾನಕ್ಕೆ ಆ ತಂತ್ರಾಂಶವನ್ನು ಬಳಸಿಯೇ ಇಲ್ಲ ಎಂದು ಕಂಪೆನಿ ಹೇಳಿತು.

ಹಾಗೆಂದು ಸಂಸ್ಥೆಗಳು ಯಂತ್ರದ ಮೊರೆ ಹೋಗುವುದಕ್ಕೆ ಕಾರಣವಿಲ್ಲದಿಲ್ಲ. ಒಂದು ಹುದ್ದೆಗೆ ರಾಶಿ ಬೀಳುವ ಅರ್ಜಿಗಳನ್ನು ಒಬ್ಬ ಅಧಿಕಾರಿ ಓದಿ ಮುಗಿಸುವುದು ಹೇಗೆ? ಬೆಳಗಿನ ಕಾಫಿಯ ಜೊತೆ ಓದಿದ ಅರ್ಜಿಗೂ ಸಂಜೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಓದಿದ ಅರ್ಜಿಗೂ ಒಂದೇ ನ್ಯಾಯ ಸಿಕ್ಕೀತೆ? ಜಾತಿ, ಊರು, ವಶೀಲಿ ಇವೆಲ್ಲ ಕಂಪ್ಯೂಟರ್ ಹುಟ್ಟುವ ಮುಂಚೆಯೂ ಇದ್ದವು. ಯಂತ್ರಕ್ಕೆ ಮಾವನೂ ಇಲ್ಲ, ಭಾವನೂ ಇಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಓದಿ ಕಲಿಯುವುದು ಮಾವ-ಭಾವಂದಿರು ಆರಿಸಿಟ್ಟ ಹಳೆಯ ಕಡತಗಳನ್ನೇ ಎಂಬುದು ತೊಡಕು.

ಸಿಬ್ಬಂದಿ ವಿಭಾಗದ ಉಳಿದ ಕೆಲಸಗಳಲ್ಲಿ ಈ ಸಹಾಯಕ ಸಾಕಷ್ಟು ಉಪಯೋಗಕ್ಕೆ ಬಂದಿದ್ದಾನೆ. ರಜೆ ಎಷ್ಟು ಉಳಿದಿದೆ, ಭವಿಷ್ಯನಿಧಿಗೆ ಎಷ್ಟು ಕಡಿತ, ಅನುಭವ ಪತ್ರ ಯಾವಾಗ ಸಿಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಅವನು ಬೇಸರವಿಲ್ಲದೆ ಉತ್ತರಿಸುತ್ತಾನೆ. ಐಬಿಎಂ ಸಂಸ್ಥೆಯ ‘ಆಸ್ಕ್ ಎಚ್‌ಆರ್’ ಸಿಬ್ಬಂದಿಯ ಮಾಮೂಲಿ ಪ್ರಶ್ನೆಗಳಲ್ಲಿ ಶೇಕಡಾ 94ರಷ್ಟನ್ನು ತಾನೇ ಬಗೆಹರಿಸುತ್ತದೆ ಎಂಬುದು ಆ ಸಂಸ್ಥೆಯ ಲೆಕ್ಕ. ಮಾನವ ಸಂಪನ್ಮೂಲ ವಿಭಾಗದ ಕೆಲವು ನೂರು ಮಂದಿಯ ಕೆಲಸವನ್ನು ಯಂತ್ರ ವಹಿಸಿಕೊಂಡಿದೆಯೆಂದು ಅದರ ಮುಖ್ಯಸ್ಥ ಅರವಿಂದ ಕೃಷ್ಣ 2025ರಲ್ಲಿ ತಿಳಿಸಿದ್ದರು.

ಇಂಥ ಕಡೆ ಯಂತ್ರ ಎಡವಿದರೆ ಗೊತ್ತಾಗುತ್ತದೆ. 12 ದಿನ ರಜೆ ಇರುವ ನೌಕರನಿಗೆ ಎರಡೇ ದಿನ ಎಂದರೆ ಆತ ಸುಮ್ಮನಿರುತ್ತಾನೆಯೆ? ನೇಮಕಾತಿಯಲ್ಲಿ ಹಾಗಲ್ಲ. ಹೊರಗುಳಿದವರಿಗೆ ಕಾರಣ ತಿಳಿಯದು. ಯಾರನ್ನು ಕಳೆದುಕೊಂಡೆವೆಂಬುದು ಸಂಸ್ಥೆಗೂ ತಿಳಿಯದು. ಇಂಗ್ಲಿಷ್ ಕಲಿಸಲು ಹೊರಟ ಆ ಮಹಿಳೆ ಎರಡನೆಯ ಅರ್ಜಿ ಹಾಕದಿದ್ದರೆ, ತನಗೆ ಅರ್ಹತೆ ಸಾಲದು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಕೆಲಸದಲ್ಲಿ ಆರು ತಿಂಗಳಿಗೂ ಹೆಚ್ಚಿನ ಬಿಡುವು ಕಂಡರೆ ಅರ್ಜಿಯನ್ನು ತಂತ್ರಾಂಶ ಬದಿಗಿಡುವಂತೆ ಅನೇಕ ಸಂಸ್ಥೆಗಳು ಏರ್ಪಾಡು ಮಾಡಿಕೊಂಡಿರುವುದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ 2021ರ ವರದಿಯೊಂದು ಎತ್ತಿ ತೋರಿಸಿತು. ಬಿಡುವಿಗೆ ಕಾರಣವೇನೆಂದು ಜರಡಿ ಕೇಳುವುದಿಲ್ಲ. ಬಾಣಂತನಕ್ಕೆಂದು ಕೆಲಸ ಬಿಟ್ಟು ತವರಿಗೆ ಹೋದವಳು, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡವನು, ಸುಮ್ಮನೆ ಊರು ಸುತ್ತಿದವನು, ಮೂವರೂ ಅದಕ್ಕೆ ಒಂದೇ. ಎದುರು ಕುಳಿತು ಬಯೋಡಾಟಾ ತಿರುವಿಹಾಕುವ ಮ್ಯಾನೇಜರು ಎಷ್ಟೇ ಸಿಡುಕನಾಗಿರಲಿ, ‘ಈ ಎರಡು ವರ್ಷ ಎಲ್ಲಿದ್ದಿರಿ?’ ಎಂದಾದರೂ ಕೇಳಿಯಾನು.

ಅಮೆರಿಕದಲ್ಲಿ ಇನ್ನೊಬ್ಬರು ಒಂದು ರಾತ್ರಿ 12.55ಕ್ಕೆ ಅರ್ಜಿ ಕಳುಹಿಸಿದರು. 1.50ಕ್ಕೆ ತಿರಸ್ಕಾರ ಬಂತು. ಅಪರಾತ್ರಿಯಲ್ಲಿ ಕಚೇರಿಯಲ್ಲಿ ಕುಳಿತು ಓದಿದ ಪುಣ್ಯಾತ್ಮ ಯಾರು? ನೂರಕ್ಕೂ ಹೆಚ್ಚು ಕಡೆ ಹೀಗೆ ಬಾಗಿಲು ಮುಚ್ಚಿತೆಂದು ಹೇಳುವ ಅವರು, ಅಲ್ಲೆಲ್ಲ ಬಳಕೆಯಲ್ಲಿದ್ದ ತಂತ್ರಾಂಶದ ಸಂಸ್ಥೆಯಾದ ವರ್ಕ್‌ಡೇ ಮೇಲೆ 2023ರಲ್ಲಿ ಮೊಕದ್ದಮೆ ಹೂಡಿದರು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. 40 ದಾಟಿದ ಇತರ ಅಭ್ಯರ್ಥಿಗಳ ಪರವಾಗಿಯೂ ಮೊಕದ್ದಮೆ ಮುಂದುವರಿಯಬಹುದೆಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಆದೇಶಿಸಿತು.

ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇದಕ್ಕೊಂದು ಕಾನೂನು ಜಾರಿಯಲ್ಲಿದೆ. ಆಯ್ಕೆಗೆ ಇಂಥ ಯಂತ್ರ ಬಳಸುವ ಸಂಸ್ಥೆ ಅದು ಪಕ್ಷಪಾತಿಯೇ ಎಂದು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು. ಯಂತ್ರ ಬಳಸುವುದನ್ನು ಅಭ್ಯರ್ಥಿಗೆ 10 ಕೆಲಸದ ದಿನ ಮುಂಚೆ ತಿಳಿಸಬೇಕು. ನಮ್ಮಲ್ಲಿ ಹಾಗೆ ತಿಳಿಸಲೇಬೇಕೆಂಬ ಪ್ರತ್ಯೇಕ ಕಾನೂನು ಬಂದಿಲ್ಲ. ಬೆಂಗಳೂರಿನ ಕಂಪೆನಿಗೆ ಅರ್ಜಿ ಹಾಕಿದವರು ಅದನ್ನು ಓದಿದ್ದು ಯಾರೆಂದು ತಿಳಿಯಬೇಕಾದರೆ ಕಂಪೆನಿಯನ್ನೇ ಕೇಳಬೇಕು.