‘ಕಠಿಣ’ವೆಂಬ ಒಂದೇ ಮಾತು: ಇಂಗ್ಲಿಷಿನ ಕೆಲವು ವಿಶೇಷಣಗಳ ಅರ್ಥಭೇದ

ಇತಿಹಾಸವನ್ನು ನಾವು ಕನ್ನಡದಲ್ಲಿ ಬೋಧಿಸುತ್ತಿದ್ದರೂ ನಮ್ಮ ಆಧಾರಗ್ರಂಥಗಳಲ್ಲಿ ಬಹುಭಾಗ ಇಂಗ್ಲಿಷಿನಲ್ಲಿಯೇ ಇವೆ. ಅವುಗಳಿಂದ ವಿಷಯವನ್ನು ಸಂಗ್ರಹಿಸುವಾಗ ಹೆಸರುಗಳಲ್ಲಿಯೂ ತೇದಿಗಳಲ್ಲಿಯೂ ನಾವು ವಹಿಸುವ ಎಚ್ಚರಿಕೆಯನ್ನು ವಿಶೇಷಣಗಳಲ್ಲಿ ವಹಿಸುವುದಿಲ್ಲ. ಸ್ಟ್ರಿಕ್ಟ್, ಸ್ಟ್ರಿಂಜೆಂಟ್, ರಿಜಿಡ್, ರಿಗರಸ್, ಸಿವಿಯರ್, ಸ್ಟರ್ನ್, ಆಸ್ಟಿಯರ್ ಎಂಬ ಏಳು ಮಾತುಗಳನ್ನೂ ‘ಕಠಿಣ’ ಎಂಬ ಒಂದೇ ಮಾತಿನಿಂದ ತೀರಿಸಿಬಿಡುವುದು ವಿದ್ಯಾರ್ಥಿಗಳ ಉತ್ತರಗಳಲ್ಲಿ ಸಾಮಾನ್ಯವಾಗಿದೆ. ಇದರಿಂದ ಕೆಡುವುದು ಶೈಲಿ ಮಾತ್ರವಾಗಿದ್ದರೆ ಹೆಚ್ಚು ಚಿಂತಿಸಬೇಕಾಗಿರಲಿಲ್ಲ. ಒಂದು ಉದಾಹರಣೆಯನ್ನು ಪರಿಶೀಲಿಸಿದರೆ, ಕೆಡುವುದು ಸಂಗತಿಯೇ ಎಂಬುದು ಸ್ಪಷ್ಟವಾಗುವುದು.

1897ರಲ್ಲಿ ಬಾಲಗಂಗಾಧರ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ 18 ತಿಂಗಳ ಸಜೆಯಾಯಿತು. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅದೇ ಬಗೆಯ ಆಪಾದನೆಯ ಮೇಲೆ ಮಹಾತ್ಮ ಗಾಂಧಿಯವರಿಗೆ 6 ವರ್ಷಗಳ ಸಜೆಯಾಯಿತು. ಇಬ್ಬರಿಗೂ ‘ಕಠಿಣ ಶಿಕ್ಷೆ’ಯಾಯಿತೆಂದು ಬರೆದರೆ ತಪ್ಪೇನೆಂದು ಕೇಳಬಹುದು. 1860ರ ಭಾರತೀಯ ದಂಡಸಂಹಿತೆಯು ಕಾರಾವಾಸವನ್ನು ಎರಡು ವಿಧವಾಗಿ ವಿಂಗಡಿಸಿತ್ತು. ಕಠಿಣ ದುಡಿಮೆಯಿಂದ ಕೂಡಿದ್ದು ‘ರಿಗರಸ್’, ದುಡಿಮೆಯಿಲ್ಲದ್ದು ‘ಸಿಂಪಲ್’. ನಮ್ಮ ನ್ಯಾಯಾಲಯಗಳ ಭಾಷೆಯಲ್ಲಿ ಇವೇ ಕಠಿಣ ಸಜೆ, ಸಾದಾ ಸಜೆ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಭೇದವು ಉಳಿದುಕೊಂಡಿದೆ. ತಿಲಕರಿಗೆ ವಿಧಿಸಿದ್ದು ಕಠಿಣ ಸಜೆ, ಗಾಂಧಿಯವರಿಗೆ ವಿಧಿಸಿದ್ದು ಸಾದಾ ಸಜೆ. ಅವಧಿಯನ್ನು ನೋಡಿದರೆ ಗಾಂಧಿಯವರ ಶಿಕ್ಷೆ ‘ಸಿವಿಯರ್’. ಆದರೆ ಅದು ‘ರಿಗರಸ್’ ಅಲ್ಲ. ಇನ್ನು ಶಿಕ್ಷೆ ವಿಧಿಸಿದ ನ್ಯಾಯಾಧೀಶ ಬ್ರೂಮ್‌ಫೀಲ್ಡರನ್ನು ‘ಸ್ಟರ್ನ್’ ಎನ್ನುವಂತೆಯೂ ಇಲ್ಲ. ಅವರು ಆಪಾದಿತರ ಬಗ್ಗೆ ಗೌರವದಿಂದಲೇ ಮಾತನಾಡಿ, ಮುಂದೆ ಸರಕಾರವು ಶಿಕ್ಷೆಯನ್ನು ಇಳಿಸಿದರೆ ತಮಗೆ ಸಂತೋಷವೇ ಆಗುವುದೆಂದು ತಿಳಿಸಿದರು. ಶಿಕ್ಷೆಯ ಪ್ರಮಾಣ, ಶಿಕ್ಷೆಯ ಬಗೆ, ಶಿಕ್ಷೆ ವಿಧಿಸಿದವನ ಭಾವ, ಈ ಮೂರೂ ಬೇರೆ ಬೇರೆ. ಒಂದೇ ‘ಕಠಿಣ’ವು ಮೂರನ್ನೂ ನುಂಗಿಬಿಡುತ್ತದೆ.

ಈ ಮಾತುಗಳ ಮೂಲವನ್ನು ನೋಡಿದರೆ ಅವುಗಳ ಭೇದವು ಸುಲಭವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ‘ಸ್ಟ್ರಿಕ್ಟ್’ ಮತ್ತು ‘ಸ್ಟ್ರಿಂಜೆಂಟ್’ ಎರಡೂ ಬಿಗಿಯುವುದು, ಕಟ್ಟುವುದು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ನಮ್ಮ ‘ಕಟ್ಟುನಿಟ್ಟು’, ‘ಬಿಗಿ’ ಎಂಬ ಮಾತುಗಳ ಹಿಂದೆಯೂ ಇದೇ ಕಲ್ಪನೆಯಿರುವುದರಿಂದ ಕನ್ನಡದ ಓದುಗರಿಗೆ ಇದು ಅಪರಿಚಿತವಲ್ಲ. ಆದರೆ ಪ್ರಯೋಗದಲ್ಲಿ ಇವೆರಡೂ ಬೇರೆಯಾಗಿವೆ. ‘ಸ್ಟ್ರಿಕ್ಟ್’ ಎಂದರೆ ನಿಯಮದಿಂದ ಕೂದಲೆಳೆಯಷ್ಟೂ ಜರುಗದಿರುವುದು. ನಿಯಮವು ಮೃದುವಾಗಿದ್ದರೂ ಅದರ ಪಾಲನೆ ಸ್ಟ್ರಿಕ್ಟ್ ಆಗಿರಬಹುದು. ‘ಸ್ಟ್ರಿಂಜೆಂಟ್’ ಎಂಬುದು ನಿಯಮದ ಒಳಗಿನ ಗುಣ. ಕರಾರುಗಳು ಬಿಗಿಯಾಗಿದ್ದು ಕೈಕಾಲಾಡಿಸಲು ಎಡೆಗೊಡದಿರುವುದು. ಲಿಟನ್ ವೈಸರಾಯನು 1878ರಲ್ಲಿ ತಂದ ದೇಶಭಾಷಾ ಪತ್ರಿಕಾ ಶಾಸನವು ಸ್ಟ್ರಿಂಜೆಂಟ್ ಆಗಿತ್ತೆನ್ನುವುದು ಸರಿಯಾದ ಮಾತು. ಮುದ್ರಕನಿಂದ ಮುಚ್ಚಳಿಕೆ ಬರೆಸಿಕೊಳ್ಳಲು, ಮುದ್ರಣ ಸಾಮಗ್ರಿಯನ್ನು ಮುಟ್ಟುಗೋಲು ಹಾಕಲು ಅದರಲ್ಲಿ ಅವಕಾಶವಿತ್ತು. ನ್ಯಾಯಾಲಯಕ್ಕೆ ಮೇಲ್ಮನವಿಯ ಹಾದಿಯಿರಲಿಲ್ಲ. ಅದನ್ನು ಸ್ಟ್ರಿಕ್ಟ್ ಆಗಿ ಜಾರಿಗೊಳಿಸಿದರೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಶಾಸನದ ಪಾಠದಲ್ಲಿದೆ. ಎರಡನೆಯದಕ್ಕೆ ಉತ್ತರವನ್ನು ಆಡಳಿತದ ಕಡತಗಳಲ್ಲಿ ಹುಡುಕಬೇಕು. ವಿಶೇಷಣ ಬದಲಾದರೆ ಆಧಾರವೂ ಬದಲಾಗುತ್ತದೆಂಬುದನ್ನು ಸಂಶೋಧನೆಗೆ ತೊಡಗುವವರು ವಿಶೇಷವಾಗಿ ಗಮನಿಸಬೇಕು.

‘ರಿಜಿಡ್’ ಮತ್ತು ‘ರಿಗರಸ್’ ಸಹ ಒಡಹುಟ್ಟಿದ ಮಾತುಗಳೇ. ಸೆಟೆದು ನಿಲ್ಲುವುದೆಂಬುದು ಅವುಗಳ ಮೂಲಾರ್ಥ. ಆದರೆ ಇಂದು ಒಂದು ಬಹುಮಟ್ಟಿಗೆ ನಿಂದೆಯಾಗಿಯೂ ಇನ್ನೊಂದು ಬಹುಮಟ್ಟಿಗೆ ಪ್ರಶಂಸೆಯಾಗಿಯೂ ಬಳಕೆಯಲ್ಲಿವೆ. ಒಬ್ಬ ವಿದ್ವಾಂಸನ ವಿಧಾನವು ರಿಗರಸ್ ಎಂದರೆ, ಅವನು ಪ್ರತಿಯೊಂದು ಹೆಜ್ಜೆಯನ್ನೂ ಪರೀಕ್ಷಿಸಿ, ಸಡಿಲಿಕೆಗೆ ಅವಕಾಶ ಕೊಡದೆ ಮುಂದುವರಿದನೆಂದು ಅರ್ಥ. ರಿಜಿಡ್ ಎಂದರೆ, ಹೊಸ ಆಧಾರ ಕಣ್ಣೆದುರಿಗೆ ಬಂದರೂ ಅವನು ಬಗ್ಗಲಿಲ್ಲವೆಂದು ಅರ್ಥ. ಒಂದಕ್ಕೆ ‘ನಿಷ್ಕೃಷ್ಟ’ವೆಂದೂ ಇನ್ನೊಂದಕ್ಕೆ ‘ಬಗ್ಗದ’ ಎಂದೂ ಕನ್ನಡದಲ್ಲಿ ಹೇಳಬಹುದು. ಎರಡನ್ನೂ ‘ಕಠಿಣ ವಿಧಾನ’ವೆಂದರೆ ಹೊಗಳಿದೆವೋ ತೆಗಳಿದೆವೋ ಎಂಬುದೇ ತಿಳಿಯದು.

‘ಸಿವಿಯರ್’ ಎಂಬುದು ಅನುಭವಿಸುವವನ ಕಡೆಯಿಂದ ಅಳೆಯುವ ಮಾತು. ಶಿಕ್ಷೆ, ಕ್ಷಾಮ, ಚಳಿ, ಟೀಕೆ ಇವೆಲ್ಲ ಸಿವಿಯರ್ ಆಗಬಹುದು. ‘ತೀವ್ರ’, ‘ಉಗ್ರ’ ಎಂಬ ಮಾತುಗಳು ಇಲ್ಲಿ ಹೊಂದುತ್ತವೆ. ‘ಸ್ಟರ್ನ್’ ಎಂಬುದು ಪ್ರಾಚೀನ ಇಂಗ್ಲಿಷಿನಿಂದಲೇ ಉಳಿದು ಬಂದದ್ದು. ಅದು ಮುಖ್ಯವಾಗಿ ಮನುಷ್ಯನ ಮುಖಕ್ಕೆ, ದನಿಗೆ, ನಿಲುವಿಗೆ ಸಂಬಂಧಿಸಿದ್ದು. ಮೇಲ್ನೋಟಕ್ಕೆ ಬಿಗಿಮೊಗದವನಾಗಿದ್ದು ಶಿಕ್ಷೆಯಲ್ಲಿ ಉದಾರಿಯಾದ ಉಪಾಧ್ಯಾಯನು ಸ್ಟರ್ನ್. ಅವನು ಸಿವಿಯರ್ ಅಲ್ಲ. ‘ಆಸ್ಟಿಯರ್’ ಎಂಬುದರ ಗ್ರೀಕ್ ಮೂಲವಂತೂ ನಾಲಗೆಯನ್ನು ಒಣಗಿಸುವ ರುಚಿಯನ್ನು, ಎಂದರೆ ನಮ್ಮ ‘ಒಗರ’ನ್ನು, ಸೂಚಿಸುತ್ತದೆ. ಪರರನ್ನು ದಂಡಿಸುವುದಕ್ಕಿಂತ ಸುಖವನ್ನು ತೊರೆದು ನಡೆಯುವ ಬಾಳಿಗೆ ಈ ಮಾತು ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ತರುವಾಯ, 1947ರಿಂದ 1950ರವರೆಗೆ ಬ್ರಿಟನ್ನಿನ ಅರ್ಥಸಚಿವರಾಗಿದ್ದ ಸ್ಟಾಫರ್ಡ್ ಕ್ರಿಪ್ಸರ ಹೆಸರಿನೊಡನೆ ‘ಆಸ್ಟೆರಿಟಿ’ ಎಂಬ ಮಾತು ಸೇರಿಕೊಂಡುದು ಈ ಅರ್ಥದಲ್ಲಿಯೇ. ಅದು ಪಡಿತರದ, ಮಿತವ್ಯಯದ ಕಾಲ.

ಇತಿಹಾಸದ ವ್ಯಕ್ತಿಗಳಿಂದ ಹುಟ್ಟಿದ ವಿಶೇಷಣಗಳಲ್ಲಿ ಇನ್ನೂ ಹೆಚ್ಚಿನ ಅಪಾಯವುಂಟು. ಕ್ರಿ. ಪೂ. 621ರ ಸುಮಾರಿಗೆ ಅಥೆನ್ಸಿಗೆ ಲಿಖಿತ ಕಾನೂನನ್ನು ಕೊಟ್ಟ ಡ್ರೇಕೋನನ ಹೆಸರಿನಿಂದ ‘ಡ್ರೇಕೋನಿಯನ್’ ಬಂದಿದೆ. ಅಪರಾಧಕ್ಕೆ ಮೀರಿದ ಕ್ರೂರ ದಂಡನೆಯೆಂಬುದು ಅದರ ಅರ್ಥ. ಅವನ ಕಾನೂನುಗಳು ಮಸಿಯಿಂದಲ್ಲ, ರಕ್ತದಿಂದ ಬರೆದವೆಂಬ ಅಪಖ್ಯಾತಿಯನ್ನು ಕ್ರಿ. ಪೂ. ನಾಲ್ಕನೆಯ ಶತಮಾನದ ವಾಗ್ಮಿ ಡೆಮೇಡಿಸನ ಮಾತೆಂದು ಪ್ಲೂಟಾರ್ಕನು ದಾಖಲಿಸಿದ್ದಾನೆ. ಎಂದರೆ ಈ ತೀರ್ಪು ಡ್ರೇಕೋನನಿಗಿಂತ ಎರಡು ಶತಮಾನಗಳಿಗೂ ಈಚಿನದು. ಕ್ರಿ. ಪೂ. 594ರ ಸುಮಾರಿನಲ್ಲಿ ಸೋಲನ್ನನು ಡ್ರೇಕೋನನ ಉಳಿದ ಕಾನೂನುಗಳನ್ನು ರದ್ದುಗೊಳಿಸಿದರೂ ಕೊಲೆಯ ಕಾನೂನನ್ನು ಉಳಿಸಿಕೊಂಡನು. ಕ್ರಿ. ಪೂ. 409-408ರಲ್ಲಿ ಅದನ್ನು ಮತ್ತೆ ಕಲ್ಲಿನ ಮೇಲೆ ಕೊರೆಸಲಾಯಿತು. ಆ ಶಾಸನದ ಭಾಗ ಇಂದಿಗೂ ಉಳಿದಿದೆ. ಉದ್ದೇಶವಿಲ್ಲದೆ ಕೊಂದವನಿಗೆ ಅದರಲ್ಲಿ ಹೇಳಿರುವುದು ಮರಣದಂಡನೆಯಲ್ಲ, ದೇಶಭ್ರಷ್ಟತೆ. ಸತ್ತವನ ಬಂಧುಗಳು ಒಪ್ಪಿದರೆ ಕ್ಷಮೆಗೂ ಅವಕಾಶವುಂಟು. ಕೊಲೆಗೆ ಪ್ರತಿಕೊಲೆಯೆಂಬ ಹಗೆತನದಿಂದ ಸಮಾಜವನ್ನು ನ್ಯಾಯಾಲಯದ ಕಡೆಗೆ ತಿರುಗಿಸಿದ ಕಾನೂನು ಇದು. ಹೀಗೆ, ಡ್ರೇಕೋನನ ಕಾನೂನುಗಳಲ್ಲಿ ನಮಗೆ ನೇರವಾಗಿ ದೊರೆತಿರುವ ಭಾಗವು ‘ಡ್ರೇಕೋನಿಯನ್’ ಅಲ್ಲ! ‘ಸ್ಪಾರ್ಟನ್’ ಎಂಬ ಮಾತಿನಲ್ಲಿಯೂ ಇಂಥದೇ ತೊಡಕುಂಟು. ಸ್ಪಾರ್ಟದವರ ಬಾಳನ್ನು ವಿವರವಾಗಿ ವರ್ಣಿಸಿ ನಮಗೆ ತಿಳಿಸಿದವರು ಅಥೆನ್ಸಿನವನಾದ ಕ್ಸೆನೊಫನ್, ಶತಮಾನಗಳ ಅನಂತರದ ಪ್ಲೂಟಾರ್ಕ್ ಮೊದಲಾದ ಹೊರಗಿನವರು.

ಆದುದರಿಂದ ಇಂಥ ವಿಶೇಷಣವೊಂದು ಎದುರಾದಾಗ ವಿದ್ಯಾರ್ಥಿಯು ಕೋಶವನ್ನು ತೆರೆಯುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಕಠಿಣವೆನಿಸಿದ್ದು ಯಾವುದು: ನಿಯಮವೋ, ಅದರ ಜಾರಿಯೋ, ಶಿಕ್ಷೆಯೋ, ಮನುಷ್ಯನೋ, ಬಾಳಿನ ರೀತಿಯೋ? ಹಾಗೆಂದು ಹೇಳಿದವರು ಯಾರು, ಎಂದು ಹೇಳಿದರು? ಉತ್ತರ ದೊರೆತ ಬಳಿಕ ಕನ್ನಡದ ಮಾತು ತಾನಾಗಿಯೇ ಒದಗುತ್ತದೆ. ಕಟ್ಟುನಿಟ್ಟು, ಬಿಗಿ, ತೀವ್ರ, ನಿಷ್ಕೃಷ್ಟ, ಬಗ್ಗದ, ಬಿಗಿಮೊಗದ, ನಿರಾಡಂಬರ ಎಂಬಷ್ಟು ಮಾತುಗಳು ನಮ್ಮಲ್ಲಿರುವಾಗ ಕೊರತೆ ಭಾಷೆಯದಲ್ಲ, ಬಳಸುವವರ ಗಮನದ್ದು. ತಿಲಕರು ಸೆರೆಮನೆಯಲ್ಲಿ ಅನುಭವಿಸಿದ್ದಕ್ಕೂ ಗಾಂಧಿಯವರು ಅನುಭವಿಸಿದ್ದಕ್ಕೂ ಇದ್ದ ಅಂತರವು ನಮ್ಮ ವಾಕ್ಯದಲ್ಲಿ ಉಳಿಯುವುದೋ ಅಳಿಯುವುದೋ ಎಂಬುದು ಈ ಗಮನವನ್ನೇ ಅವಲಂಬಿಸಿದೆ.